ಹಗುರವಾದುದೋ, ಬಲವುಳ್ಳದ್ದೋ? ಲ್ಯಾಪ್‌ಟಾಪ್ ಕೊಳ್ಳುವವರಿಗೊಂದು ಮಾಹಿತಿ ಲೇಖನ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದು ಕಾಲೇಜುಗಳ ಪ್ರವೇಶ ಆರಂಭವಾಗುವ ದಿನಗಳಲ್ಲಿ, ನಮ್ಮ ಸಂಘದ ಕಾರ್ಯಕ್ರಮಗಳಿಗೆ ಬರುವ ತಂದೆತಾಯಿಗಳ ಬಾಯಲ್ಲಿ ವರ್ಷವರ್ಷವೂ ಕೇಳಿಬರುವ ಪ್ರಶ್ನೆಯೊಂದಿದೆ. ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಡಿಸಬೇಕಾಗಿದೆ. ಅದಕ್ಕೆಂದು ಎಪ್ಪತ್ತೋ ಎಂಬತ್ತೋ ಸಾವಿರ ರೂಪಾಯಿಗಳನ್ನು ತೆಗೆದಿರಿಸಿದ್ದೂ ಆಗಿದೆ. ಅಂಗಡಿಗೆ ಹೋದರೆ ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಬಗೆಯ ಯಂತ್ರಗಳು ಎದುರಾಗುತ್ತವೆ. ಒಂದು ತೆಳ್ಳಗಿದ್ದು, ಒಂದೂಕಾಲರಿಂದ ಒಂದೂವರೆ ಕಿಲೋ ತೂಗುವಂಥದ್ದು. ಇನ್ನೊಂದು ದಪ್ಪನಾದ ಮೈಯುಳ್ಳದ್ದು, ಎರಡೂವರೆ ಕಿಲೋಗೆ ಹತ್ತಿರದ ತೂಕದ್ದು. ಒಳಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಎರಡು ಫ್ಯಾನುಗಳು, ಕೀಲಿಮಣೆಯ ತುಂಬ ಬಣ್ಣಬಣ್ಣದ ದೀಪಗಳು. ಅಂಗಡಿಯವರು ಎರಡನೆಯದನ್ನೇ ಹೊಗಳುತ್ತಾರೆ. ಮಕ್ಕಳ ಕಣ್ಣೂ ಅದರ ಮೇಲೆಯೇ. ಅದೇ ಹಣಕ್ಕೆ ಹೆಚ್ಚು ಬಲ ದೊರೆಯುವಾಗ ಕಡಿಮೆ ಬಲದ್ದನ್ನು ಏಕೆ ಕೊಳ್ಳಬೇಕು ಎಂಬುದು ತಂದೆಯ ಲೆಕ್ಕಾಚಾರ.

ಈ ಲೆಕ್ಕಾಚಾರದಲ್ಲಿ ಒಂದಂಶ ಬಿಟ್ಟುಹೋಗುತ್ತದೆ. ಯಂತ್ರದ ಭಾರವನ್ನು ಪ್ರತಿದಿನವೂ ಹೊರಬೇಕು; ಅದರ ಬಲವಾದರೋ, ಬೇಕಾಗುವ ಕೆಲಸವಿದ್ದ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಅಂತಹ ದಿನಗಳು ವರ್ಷಕ್ಕೆ ಎಷ್ಟು ಎಂಬುದನ್ನು ಎಣಿಸದೆ ಹಣ ಕೊಡುವುದು ಸಲ್ಲದು. ಎಣಿಸುವ ಕ್ರಮವನ್ನೂ, ಎಣಿಸುವಾಗ ತಿಳಿದಿರಬೇಕಾದ ಕೆಲವು ತಾಂತ್ರಿಕ ಸಂಗತಿಗಳನ್ನೂ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಪರಿಚಯದ ಡೊಂಬಿವಲಿಯ ಕನ್ನಡ ಕುಟುಂಬವೊಂದರ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಮಗಳಿಗೆ ಮಾಟುಂಗಾ ಕಡೆಯ ಕಾಲೇಜೊಂದರಲ್ಲಿ ಮಾಹಿತಿ ತಂತ್ರಜ್ಞಾನ ವಿಭಾಗಕ್ಕೆ ಪ್ರವೇಶ ದೊರೆಯಿತು. ಎಂಜಿನಿಯರಿಂಗ್ ಎಂದಮೇಲೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಎಂದು ಅಂಗಡಿಯವರು ಹೇಳಿದ್ದರಿಂದ ತಂದೆ ಭಾರದ ಯಂತ್ರವನ್ನೇ ಕೊಡಿಸಿದರು. ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ, ಪುಸ್ತಕ ಮತ್ತು ಊಟದ ಡಬ್ಬಿಯೊಂದಿಗೆ ಅದನ್ನೂ ಹೊತ್ತು ಆ ಹುಡುಗಿ ಸುಮಾರು ಎರಡು ತಿಂಗಳು ಓಡಾಡಿದಳು. ದಸರೆಯ ಹೊತ್ತಿಗೆ "ಅಪ್ಪಾ, ಇದು ಮನೆಯಲ್ಲೇ ಇರಲಿ ಬಿಡಿ" ಎಂದಳು. ಅಲ್ಲಿಂದಾಚೆಗೆ ತರಗತಿಯಲ್ಲಿ ಆಕೆಯ ಬಳಿ ಗಣಕವೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಬರೆದ ಪ್ರೋಗ್ರಾಮುಗಳನ್ನು ಪೆನ್ ಡ್ರೈವಿನಲ್ಲಿ ತಂದು ರಾತ್ರಿ ಮನೆಯಲ್ಲಿ ತಿದ್ದುವುದು, ಸಹಪಾಠಿಗಳೊಡನೆ ಕೂಡಿ ಮಾಡಬೇಕಾದ ಕೆಲಸಕ್ಕೆ ಅವರ ಯಂತ್ರದ ಮುಂದೆ ಸರದಿ ಕಾಯುವುದು ಇವೇ ರೂಢಿಯಾದವು. ಬಲವುಳ್ಳ ಯಂತ್ರ ಮನೆಯಲ್ಲಿತ್ತು. ಬೇಕಾದ ಕಡೆ ಇರಲಿಲ್ಲ.

ಹಗುರವೆಂದರೆ ದುರ್ಬಲವೆಂಬ ಭಾವನೆ ಬಂದುದು ಹೇಗೆ?

ಈ ಭಾವನೆ ನಿರಾಧಾರವಾದುದಲ್ಲ, ಅದಕ್ಕೊಂದು ಇತಿಹಾಸವಿದೆ. 1981ರಲ್ಲಿ ಮಾರುಕಟ್ಟೆಗೆ ಬಂದ ಆಸ್ಬೋರ್ನ್ 1 ಎಂಬ ಯಂತ್ರವನ್ನು ವಾಣಿಜ್ಯವಾಗಿ ಯಶಸ್ಸು ಕಂಡ ಮೊದಲ ಒಯ್ಯಬಲ್ಲ ಗಣಕವೆಂದು ಪರಿಗಣಿಸುತ್ತಾರೆ. ಒಯ್ಯಬಲ್ಲದ್ದು ಎಂಬುದು ಹೆಸರಿಗೆ ಮಾತ್ರ. ಹೊಲಿಗೆಯಂತ್ರದ ಪೆಟ್ಟಿಗೆಯಂತಿದ್ದ ಅದರ ತೂಕ ಸುಮಾರು 11 ಕಿಲೋ, ಪರದೆ 5 ಅಂಗುಲ, ಒಳಗೆ ಬ್ಯಾಟರಿಯೇ ಇರಲಿಲ್ಲ. ಮರುವರ್ಷ ಬಂದ ಗ್ರಿಡ್ ಕಂಪಸ್ ಇಂದಿನ ಲ್ಯಾಪ್‌ಟಾಪುಗಳಂತೆ ಮಡಿಚಿ ಮುಚ್ಚುವ ರೂಪವನ್ನು ತಂದಿತು. ನಾಸಾ ಸಂಸ್ಥೆ ಅದನ್ನು ಬಾಹ್ಯಾಕಾಶ ನೌಕೆಯಲ್ಲಿಯೂ ಬಳಸಿತು. 1985ರ ತೋಷಿಬಾ ಟಿ1100 ನಾಲ್ಕು ಕಿಲೋಗಳಿಗೆ ಇಳಿಯಿತು.

2007ರಲ್ಲಿ ಏಸಸ್ ಸಂಸ್ಥೆಯ ಈ-ಪಿಸಿ ಬಂದಾಗ ನಮ್ಮಲ್ಲಿಯೂ ಅನೇಕರು ಉತ್ಸಾಹದಿಂದ ನೆಟ್‌ಬುಕ್‌ಗಳನ್ನು ಕೊಂಡರು. ಅದು ಒಂದು ಕಿಲೋಗಿಂತ ಹಗುರ, ಬೆಲೆಯೂ ಕಡಿಮೆ. ಆದರೆ 7 ಅಂಗುಲದ ಪರದೆಯಲ್ಲಿ ಕನ್ನಡದ ಒತ್ತಕ್ಷರಗಳನ್ನು ಓದುವುದು ಕಣ್ಣಿಗೆ ಶಿಕ್ಷೆಯಾಗಿತ್ತು. ಎರಡು ಜಾಲಪುಟಗಳನ್ನು ಒಟ್ಟಿಗೆ ತೆರೆದರೆ ಯಂತ್ರ ತೆವಳುತ್ತಿತ್ತು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅವರು ಕಾಗದದ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಅನ್ನು ಹೊರತೆಗೆದು ತೋರಿಸಿದರು. 1.36 ಕಿಲೋ ತೂಕದ ಆ ಯಂತ್ರದ ಆರಂಭಿಕ ಬೆಲೆ 1,799 ಡಾಲರ್. ಇಪ್ಪತ್ತೇಳು ವರ್ಷ ಹಿಂದೆ ಹನ್ನೊಂದು ಕಿಲೋದ ಆಸ್ಬೋರ್ನ್‌ಗೆ 1,795 ಡಾಲರ್ ಇತ್ತೆಂಬುದು ಇಲ್ಲಿ ನೆನಪಾಗುತ್ತದೆ. ಆದರೂ ಆ ಮೊದಲ ಏರ್ ಕೂಡ ನಿಧಾನಗತಿಯದೇ. ಹಗುರವಾದುದು ಬೇಕಿದ್ದರೆ ಒಂದೋ ದುಬಾರಿ, ಇಲ್ಲವೇ ಮಂದ ಎಂಬ ಅನುಭವ ಆ ದಶಕದಲ್ಲಿ ಜನಮನದಲ್ಲಿ ನೆಲೆಗೊಂಡಿತು.

ಪರಿಸ್ಥಿತಿ ಬದಲಾದುದು ಮುಂದಿನ ದಶಕದಲ್ಲಿ. 2011ರಲ್ಲಿ ಇಂಟೆಲ್ ಸಂಸ್ಥೆ ಅಲ್ಟ್ರಾಬುಕ್ ಎಂಬ ಹೆಸರಿನಲ್ಲಿ ತೆಳು ಯಂತ್ರಗಳಿಗೆ ಪ್ರೋತ್ಸಾಹ ನೀಡಿತು. ತಿರುಗುವ ಹಾರ್ಡ್ ಡಿಸ್ಕಿನ ಸ್ಥಾನಕ್ಕೆ ಎಸ್‌ಎಸ್‌ಡಿ ಬಂದಿತು. 2020ರ ನವೆಂಬರಿನಲ್ಲಿ ಆ್ಯಪಲ್ ಸಂಸ್ಥೆಯ ಎಂ1 ಚಿಪ್ ಬಂದು, ಫ್ಯಾನೇ ಇಲ್ಲದ 1.29 ಕಿಲೋ ಯಂತ್ರವೊಂದು ಅನೇಕ ದಪ್ಪ ಯಂತ್ರಗಳ ಕೆಲಸವನ್ನು ಸದ್ದಿಲ್ಲದೆ ಮಾಡಿತು. ಬಳಿಕ ಇಂಟೆಲ್, ಎಎಂಡಿ, ಕ್ವಾಲ್ಕಾಮ್ ಸಂಸ್ಥೆಗಳೂ ಅದೇ ದಾರಿ ಹಿಡಿದವು. ನೆಟ್‌ಬುಕ್ ಕಾಲದ ಕಹಿಯನ್ನು ಇಂದಿನ ಹಗುರ ಲ್ಯಾಪ್‌ಟಾಪುಗಳಿಗೆ ಅಂಟಿಸುವುದು ಸರಿಯಲ್ಲ.

ಮೂಲ ತೊಡಕು ಶಾಖದ್ದು

ಹಾಗಾದರೆ ದಪ್ಪ ಯಂತ್ರಗಳು ಏಕೆ ಉಳಿದಿವೆ? ಇದರ ಉತ್ತರ ಶಾಖದಲ್ಲಿದೆ. ಪ್ರೊಸೆಸರ್ ಎಳೆದುಕೊಳ್ಳುವ ವಿದ್ಯುತ್ತು ಬಹುಮಟ್ಟಿಗೆ ಪೂರ್ತಿಯಾಗಿ ಶಾಖವಾಗಿ ಮಾರ್ಪಡುತ್ತದೆ. ತೆಳು ಲ್ಯಾಪ್‌ಟಾಪುಗಳಿಗೆಂದು ರೂಪಿಸಿದ ಪ್ರೊಸೆಸರುಗಳ ಮೂಲ ಮಿತಿ ಸಾಮಾನ್ಯವಾಗಿ 15ರಿಂದ 28 ವ್ಯಾಟ್. ದಪ್ಪ ಯಂತ್ರಗಳ ಪ್ರೊಸೆಸರಿಗೆ 45 ವ್ಯಾಟ್ ಅಥವಾ ಅದಕ್ಕೂ ಮಿಗಿಲು. ಜೊತೆಗಿರುವ ಗ್ರಾಫಿಕ್ಸ್ ಕಾರ್ಡ್ ಒಂದೇ ನೂರು ವ್ಯಾಟಿನಷ್ಟು ಕುಡಿಯಬಲ್ಲದು. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಎರಡು ತಿರುಗಲು ಬೇಕಾಗುವಷ್ಟು ವಿದ್ಯುತ್ತು ಒಂದು ನೋಟ್‌ಬುಕ್ಕಿನ ಗಾತ್ರದ ಪೆಟ್ಟಿಗೆಯಲ್ಲಿ ಶಾಖವಾಗುತ್ತದೆಂದರೆ, ಅದನ್ನು ಹೊರಹಾಕಲು ತಾಮ್ರದ ಕೊಳವೆಗಳು, ಫ್ಯಾನುಗಳು, ಗಾಳಿಯ ಕಿಂಡಿಗಳು ಬೇಕೇ ಬೇಕು. ಭಾರವಾದ ಯಂತ್ರದ ತೂಕದಲ್ಲಿ ಒಂದು ದೊಡ್ಡ ಪಾಲು ಈ ವ್ಯವಸ್ಥೆಯದೇ.

ಇಲ್ಲೊಂದು ಮುಖ್ಯವಾದ ಸಂಗತಿಯಿದೆ. ಹಗುರ ಯಂತ್ರವೂ ಅಲ್ಪಾವಧಿಗೆ ವೇಗವಾಗಿಯೇ ಓಡಬಲ್ಲದು. ಕಡತ ತೆರೆಯುವುದು, ಜಾಲಪುಟ ಮೂಡಿಸುವುದು, ಎಕ್ಸೆಲ್ ಹಾಳೆಯ ಲೆಕ್ಕ ಕಟ್ಟುವುದು ಇವೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ಆ ಅವಧಿಯಲ್ಲಿ ಪ್ರೊಸೆಸರ್ ತನ್ನ ಮಿತಿಯನ್ನು ಮೀರಿ ದುಡಿದು, ಬಿಸಿಯೇರುವುದರೊಳಗೆ ಕೆಲಸ ಮುಗಿಸಿ ತಣ್ಣಗಾಗುತ್ತದೆ. ಇಂತಹ ಕೆಲಸಗಳಲ್ಲಿ ಹಗುರ ಯಂತ್ರಕ್ಕೂ ಭಾರದ ಯಂತ್ರಕ್ಕೂ ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣದು. ಅರ್ಧ ಗಂಟೆಯ ವೀಡಿಯೊವನ್ನು ಸಂಕಲಿಸಿ ಹೊರತೆಗೆಯುವುದೋ, ಕಟ್ಟಡದ ಮೂರು ಆಯಾಮದ ಚಿತ್ರವನ್ನು ನೆರಳುಬೆಳಕಿನೊಡನೆ ಮೂಡಿಸುವುದೋ ಬಂದಾಗ ಮಾತ್ರ ಹಗುರ ಯಂತ್ರ ಮೊದಲ ಕೆಲವು ನಿಮಿಷ ಓಡಿ, ಬಿಸಿಯಾಗಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಭಾರದ ಯಂತ್ರ ಗಂಟೆಗಟ್ಟಲೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ದುಡಿಯುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಆಡಿಸಿ ನೋಡಿದರೆ ಈ ಅಂತರ ಗೊತ್ತಾಗುವುದಿಲ್ಲ.

ಆದುದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ "ಎಷ್ಟು ವೇಗ?" ಎಂಬುದಲ್ಲ. ಹತ್ತು ನಿಮಿಷಕ್ಕೂ ಮೀರಿ ಯಂತ್ರವನ್ನು ಪೂರ್ಣ ಬಲದಲ್ಲಿ ದುಡಿಸುವ ಕೆಲಸ ನಮಗೆ ವಾರಕ್ಕೆ ಎಷ್ಟು ಬಾರಿ ಬರುತ್ತದೆ ಎಂಬುದು.

ತೂಕದ ಚೀಟಿ ಹೇಳದಿರುವ ತೂಕ

ಪೆಟ್ಟಿಗೆಯ ಮೇಲೆ ನಮೂದಿಸಿರುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. ಹಗುರ ಯಂತ್ರಗಳ 45 ಅಥವಾ 65 ವ್ಯಾಟಿನ ಚಾರ್ಜರ್ ತಂತಿಯೂ ಸೇರಿ ಕಾಲು ಕಿಲೋ ಆಸುಪಾಸಿನದು. ಪ್ರಬಲ ಯಂತ್ರಗಳಿಗೆ 180, 230 ವ್ಯಾಟಿನ ಇಟ್ಟಿಗೆಯಂತಹ ಚಾರ್ಜರ್ ಬೇಕಾಗಿ, ಅದೊಂದೇ ಅರ್ಧ ಕಿಲೋಗೂ ಮೀರುತ್ತದೆ. ಒಟ್ಟು ಸೇರಿಸಿದಾಗ ಒಂದು ಕಡೆ ಸುಮಾರು 1.6 ಕಿಲೋ, ಇನ್ನೊಂದು ಕಡೆ 3 ಕಿಲೋ. ಅಂತರ ಹತ್ತಿರ ಹತ್ತಿರ ಒಂದೂವರೆ ಲೀಟರ್ ನೀರಿನ ಬಾಟಲಿಯಷ್ಟು. ಹಗುರ ಯಂತ್ರಗಳಲ್ಲಿ ಹೆಚ್ಚಿನವು ಯುಎಸ್‌ಬಿ-ಸಿ ಮೂಲಕ ವಿದ್ಯುತ್ತು ಪಡೆಯುವುದರಿಂದ ಅದೇ ಚಾರ್ಜರಿನಲ್ಲಿ ದೂರವಾಣಿಗೂ ಜೀವ ತುಂಬಬಹುದು, ಮರೆತು ಹೋದರೆ ಸಹಪಾಠಿಯ ಚಾರ್ಜರನ್ನು ಬೇಡಿ ಪಡೆಯಬಹುದು. ದಪ್ಪ ಯಂತ್ರದ ಚಾರ್ಜರನ್ನು ಮನೆಯಲ್ಲಿ ಬಿಟ್ಟು ಹೋಗೋಣವೆಂದರೆ ಬ್ಯಾಟರಿಯ ಪ್ರಶ್ನೆ ಏಳುತ್ತದೆ.

ಬ್ಯಾಟರಿಯ ಲೆಕ್ಕ ಸರಳವಾದುದು. ಅದರ ಸಾಮರ್ಥ್ಯವನ್ನು ವ್ಯಾಟ್-ಅವರ್‌ಗಳಲ್ಲಿ ಹೇಳುತ್ತಾರೆ. 56 ವ್ಯಾಟ್-ಅವರ್ ಬ್ಯಾಟರಿಯುಳ್ಳ ಹಗುರ ಯಂತ್ರ ಬರವಣಿಗೆ, ಓದಿನಂತಹ ಕೆಲಸದಲ್ಲಿ 7 ವ್ಯಾಟ್ ಬಳಸಿದರೆ ಎಂಟು ಗಂಟೆ ಬಾಳುತ್ತದೆ. ಅದೇ ಕೆಲಸಕ್ಕೆ ದಪ್ಪ ಯಂತ್ರ 15 ವ್ಯಾಟ್ ಎಳೆದರೆ, 60 ವ್ಯಾಟ್-ಅವರ್ ಬ್ಯಾಟರಿ ನಾಲ್ಕು ಗಂಟೆಗೆ ಖಾಲಿ. ಇನ್ನು ಅದನ್ನು ಪೂರ್ಣ ಬಲದಲ್ಲಿ ದುಡಿಸಿದರೆ? 90 ವ್ಯಾಟ್-ಅವರ್ ಇರುವ ದೊಡ್ಡ ಬ್ಯಾಟರಿಯೂ 140 ವ್ಯಾಟಿನ ಬಾಯಿಗೆ ನಲವತ್ತು ನಿಮಿಷ ಸಾಲದು. ಅದಕ್ಕಾಗಿಯೇ ತಯಾರಕರು ಪ್ಲಗ್ ತೆಗೆದೊಡನೆ ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ಬಹಳಷ್ಟು ಕುಗ್ಗಿಸಿರುತ್ತಾರೆ. ಬ್ಯಾಟರಿಯನ್ನು ಮತ್ತಷ್ಟು ದೊಡ್ಡದು ಮಾಡೋಣವೆಂದರೆ ವಿಮಾನಯಾನದ ನಿಯಮ ಅಡ್ಡ ಬರುತ್ತದೆ. 100 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಯ ಅನುಮತಿ ಬೇಕಾದುದರಿಂದ ಲ್ಯಾಪ್‌ಟಾಪುಗಳ ಬ್ಯಾಟರಿ 99ಕ್ಕೆ ನಿಲ್ಲುತ್ತದೆ. ಹೀಗಾಗಿ ಅತಿ ಪ್ರಬಲ ಲ್ಯಾಪ್‌ಟಾಪು ನಿಜಾರ್ಥದಲ್ಲಿ ಒಂದು ಪ್ಲಗ್ಗಿನಿಂದ ಇನ್ನೊಂದು ಪ್ಲಗ್ಗಿಗೆ ಸಾಗಿಸಬಹುದಾದ ಮೇಜಿನ ಗಣಕ. ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ. ಅಂಥದ್ದೇ ಬೇಕಾದವರೂ ಇದ್ದಾರೆ.

ಯಾರಿಗೆ ಯಾವುದು?

ವಾಸ್ತುಶಿಲ್ಪ ಓದುವವರಿಗೆ ಬಲ ಬೇಕು. ಇದರಲ್ಲಿ ಎರಡು ಮಾತಿಲ್ಲ. ರೆವಿಟ್, 3ಡಿಎಸ್ ಮ್ಯಾಕ್ಸ್ ಮುಂತಾದ ತಂತ್ರಾಂಶಗಳು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನೂ ಧಾರಾಳ ರ‍್ಯಾಮನ್ನೂ ಬೇಡುತ್ತವೆ. ಅವು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ ಎಂಬುದನ್ನೂ, ಯಾಂತ್ರಿಕ ಎಂಜಿನಿಯರಿಂಗ್‌ನ ಸಾಲಿಡ್‌ವರ್ಕ್ಸ್ ಕೂಡ ಹಾಗೆಯೇ ಎಂಬುದನ್ನೂ ಮ್ಯಾಕ್‌ಬುಕ್ ಮೋಹವುಳ್ಳವರು ನೆನಪಿಡಬೇಕು. ಅನಿಮೇಶನ್, ಚಲನಚಿತ್ರ ಸಂಕಲನ ಕಲಿಯುವವರಿಗೂ ಇದೇ ಮಾತು.

ಗಣಕ ವಿಜ್ಞಾನದ ವಿದ್ಯಾರ್ಥಿಗಳ ವಿಷಯದಲ್ಲಿ ನಮ್ಮವರು ಹೆಚ್ಚಾಗಿ ಎಡವುತ್ತಾರೆ. ಪ್ರೋಗ್ರಾಮ್ ಬರೆಯಲು ಗ್ರಾಫಿಕ್ಸ್ ಕಾರ್ಡ್ ಬೇಡ. ಬೇಕಾದುದು 16 ಜಿಬಿ ರ‍್ಯಾಮ್, ಒಳ್ಳೆಯ ಕೀಲಿಮಣೆ, ದಿನವಿಡೀ ನೋಡಬಹುದಾದ ಪರದೆ. ಕೃತಕ ಬುದ್ಧಿಮತ್ತೆ ಕಲಿಯಲು ಎನ್‌ವಿಡಿಯಾ ಕಾರ್ಡ್ ಬೇಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಆ ಕ್ಷೇತ್ರದ ತಂತ್ರಾಂಶಗಳು ಬಹುಪಾಲು ಎನ್‌ವಿಡಿಯಾದ ಕುಡಾ ವ್ಯವಸ್ಥೆಯನ್ನು ಆಧರಿಸಿರುವುದು ನಿಜ. ಆದರೆ ಮಧ್ಯಮ ಬೆಲೆಯ ಲ್ಯಾಪ್‌ಟಾಪಿನ ಕಾರ್ಡುಗಳಿಗೆ ಇರುವುದು 6 ಅಥವಾ 8 ಜಿಬಿ ಸ್ಮೃತಿ. ಕಲಿಕೆಯ ಚಿಕ್ಕ ಪ್ರಯೋಗಗಳಿಗೆ ಅದು ಸಾಕು. ದೊಡ್ಡ ಮಾದರಿಗಳಿಗೆ ಏನೇನೂ ಸಾಲದು. ದೊಡ್ಡ ಕೆಲಸ ಕಾಲೇಜಿನ ಪ್ರಯೋಗಾಲಯದಲ್ಲಿಯೋ, ಗೂಗಲ್ ಕೊಲ್ಯಾಬ್‌ನಂತಹ ಅಂತರಜಾಲ ಸೇವೆಗಳಲ್ಲಿಯೋ ನಡೆಯುತ್ತದೆ. ಅಲ್ಲಿಗೆ ತಲುಪಲು ಹಗುರ ಯಂತ್ರ ಧಾರಾಳ.

ವಾಣಿಜ್ಯ, ಲೆಕ್ಕಪರಿಶೋಧನೆ ಓದುವವರು ಹಗುರವಾದುದನ್ನೇ ಆರಿಸಲಿ. ಕಚೇರಿಯಿಂದ ಕಚೇರಿಗೆ ತಿರುಗುವ ವೃತ್ತಿ ಅದು. ಆದರೆ ಟ್ಯಾಲಿ ವಿಂಡೋಸ್‌ಗೆಂದೇ ಸಿದ್ಧವಾದ ತಂತ್ರಾಂಶ. 2024ರಿಂದ ಬರುತ್ತಿರುವ ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಯಂತ್ರಗಳು ಬ್ಯಾಟರಿಯ ವಿಷಯದಲ್ಲಿ ಸೊಗಸಾಗಿದ್ದರೂ, ಹಳೆಯ ಮುದ್ರಣ ಯಂತ್ರ ಮೊದಲಾದ ಸಾಧನಗಳಿಗೆ ಆ ಪ್ರೊಸೆಸರಿಗೆಂದೇ ಬರೆದ ಚಾಲಕ ತಂತ್ರಾಂಶ ಬೇಕಾಗುತ್ತದೆ. ಅದು ದೊರೆಯುತ್ತದೆಯೇ ಎಂದು ವಿಚಾರಿಸದೆ ಕೊಳ್ಳಬಾರದು.

ನಮ್ಮ ಹಿರಿಯ ಸದಸ್ಯರಲ್ಲಿ ಅನೇಕರು ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ಲೇಖನಗಳನ್ನೂ ಸಂಘದ ಸ್ಮರಣ ಸಂಚಿಕೆಗಳ ಹಳೆಯ ಕಡತಗಳನ್ನೂ ಇಟ್ಟುಕೊಂಡಿದ್ದಾರೆ. ಯೂನಿಕೋಡ್‌ಗೆ ಮುಂಚಿನ ಆ ಅಕ್ಷರವಿನ್ಯಾಸಗಳು ಹೊಸ ಯಂತ್ರದಲ್ಲಿ ತಾವಾಗಿ ಕನ್ನಡವಾಗಿ ಕಾಣವು. ಫಾಂಟುಗಳನ್ನು ಸ್ಥಾಪಿಸಬೇಕು ಇಲ್ಲವೇ ಪರಿವರ್ತಕದಿಂದ ಮಾರ್ಪಡಿಸಬೇಕು. ಅಂಥವರಿಗೆ ಸಾಮಾನ್ಯ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ವಿಂಡೋಸ್ ಯಂತ್ರವೇ ಕ್ಷೇಮ. ಕನ್ನಡ ಬರೆಯಲು ಬಲವೇನೂ ಬೇಡ. ವಿಂಡೋಸ್‌ನಲ್ಲಿ ಉಚ್ಚಾರಣಾನುಸಾರಿ ಕೀಲಿಮಣೆಯೂ ಇದೆ, ಮ್ಯಾಕ್‌ನಲ್ಲಿಯೂ ಕನ್ನಡ ಕೀಲಿಮಣೆ ಒಳಗೇ ಸೇರಿದೆ. ಬೆರಳಿಗೆ ಹಿತವಾದ ಗುಂಡಿಗಳು, 14 ಅಂಗುಲಕ್ಕೆ ಕಡಿಮೆಯಿಲ್ಲದ ಪರದೆ ಇವನ್ನು ನೋಡಿ ಕೊಂಡರೆ ಸಾಕು.

ಯಕ್ಷಗಾನ, ನಾಟಕ, ಸಂಗೀತ ಕಾರ್ಯಕ್ರಮಗಳನ್ನು ಚಿತ್ರೀಕರಿಸಿ ಅಂತರಜಾಲಕ್ಕೆ ಏರಿಸುವ ಉತ್ಸಾಹಿಗಳು ಈಗ ಪ್ರತಿ ಸಂಘದಲ್ಲಿಯೂ ಇದ್ದಾರೆ. ಇಂದಿನ ಹಗುರ ಪ್ರೊಸೆಸರುಗಳಲ್ಲಿ ವೀಡಿಯೊ ಬಿಡಿಸಲು ಮತ್ತು ಕಟ್ಟಲು ಪ್ರತ್ಯೇಕ ವಿಭಾಗವೇ ಇರುವುದರಿಂದ, ಒಂದೇ ಕ್ಯಾಮರಾದಿಂದ ತೆಗೆದ ಹೈ-ಡೆಫಿನಿಷನ್ ದೃಶ್ಯವನ್ನು ಕತ್ತರಿಸಿ ಜೋಡಿಸಲು ಅವು ಸಾಕಾಗುತ್ತವೆ. ಮೂರು ಕ್ಯಾಮರಾಗಳಿಂದ 4ಕೆ ದರ್ಜೆಯಲ್ಲಿ ತೆಗೆದ ಮೂರು ಗಂಟೆಯ ಪ್ರಸಂಗವನ್ನು ಸಂಕಲಿಸಿ, ಬಣ್ಣ ಹೊಂದಿಸಬೇಕೆಂದಾದರೆ ಭಾರದ ಯಂತ್ರವೇ ಗತಿ.

ಓದಿನ ವಿಭಾಗಕ್ಕಿಂತಲೂ ಓಡಾಟದ ಬಗೆ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿ ನಿಲಯದಲ್ಲಿ ಇರುವವರಿಗೆ ಯಂತ್ರ ಬಹುಪಾಲು ಕೋಣೆಯ ಮೇಜಿನ ಮೇಲೆಯೇ ಇರುತ್ತದೆ, ಭಾರವಾದರೂ ನಡೆಯುತ್ತದೆ. ಮುಂಬಯಿಯ ಲೋಕಲ್, ದಿಲ್ಲಿಯ ಮೆಟ್ರೋ, ಚೆನ್ನೈ ಹೈದರಾಬಾದುಗಳ ನಗರ ಸಾರಿಗೆ ಬಸ್ಸು, ಪುಣೆಯ ದ್ವಿಚಕ್ರ ವಾಹನ ಇವನ್ನು ನಂಬಿ ದಿನಕ್ಕೆರಡು ಬಾರಿ ಪ್ರಯಾಣ ಮಾಡುವವರ ಪಾಡು ಬೇರೆ. ವಾಸ್ತುಶಿಲ್ಪದ ವಿದ್ಯಾರ್ಥಿಯೂ ದಿನನಿತ್ಯ ದೂರದಿಂದ ಬರುವವನಾದರೆ, ಇದೇ ಹಣದಲ್ಲಿ ಮನೆಗೊಂದು ಮೇಜಿನ ಗಣಕವನ್ನು ಕಟ್ಟಿಸಿ, ತರಗತಿಗೆ ಅಗ್ಗದ ಹಗುರ ಯಂತ್ರವೊಂದನ್ನು ಒಯ್ಯುವ ದಾರಿಯನ್ನು ಯೋಚಿಸಬಹುದು. ಒಂದೇ ಬೆಲೆಗೆ ಮೇಜಿನ ಗಣಕ ಲ್ಯಾಪ್‌ಟಾಪಿಗಿಂತ ಹೆಚ್ಚು ಬಲ ಕೊಡುತ್ತದೆ, ಕೆಟ್ಟ ಭಾಗವನ್ನು ಬಿಡಿಯಾಗಿ ಬದಲಿಸಲೂ ಬರುತ್ತದೆ. ಒಂದು ಕೋಣೆ, ಒಂದು ಅಡುಗೆಮನೆಯ ವಾಸದಲ್ಲಿ ಆ ಮೇಜಿಗೆ ಜಾಗವೆಲ್ಲಿ ಎಂಬ ಪ್ರಶ್ನೆಯೂ ಅಷ್ಟೇ ನಿಜ.

ಹೆಸರುಗಳ ಬಲೆ

ಐ5, ಐ7 ಎಂಬ ಹೆಸರನ್ನು ನೋಡಿ ಬಲವನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇಂಟೆಲ್‌ನ ಏಳನೆಯ ಪೀಳಿಗೆಯ ಐ7-7500ಯು ಪ್ರೊಸೆಸರಿಗೆ ಇದ್ದುದು ಎರಡೇ ತಿರುಳು. 2017ರಲ್ಲಿ ಬಂದ ಎಂಟನೆಯ ಪೀಳಿಗೆಯ ಐ5-8250ಯುಗೆ ನಾಲ್ಕು. ಚಿಕ್ಕ ಸಂಖ್ಯೆಯದೇ ಬಲಿಷ್ಠ. ಕೊನೆಯ ಅಕ್ಷರ ಹೆಚ್ಚು ಸತ್ಯ ಹೇಳುತ್ತದೆ. 'ಯು' ಎಂದಿದ್ದರೆ ಮಿತ ವಿದ್ಯುತ್ತಿನದು, 'ಎಚ್' ಎಂದಿದ್ದರೆ ಹೆಚ್ಚು ವಿದ್ಯುತ್ತಿನದು. 2023ರ ಡಿಸೆಂಬರಿನಿಂದ ಇಂಟೆಲ್ ತನ್ನ ಹೊಸ ಪೀಳಿಗೆಗೆ 'ಕೋರ್ ಅಲ್ಟ್ರಾ' ಎಂಬ ಹೆಸರಿಟ್ಟು 'ಐ' ಅಕ್ಷರವನ್ನು ಕೈಬಿಟ್ಟಿತು. ಕೊನೆಯ ಅಕ್ಷರದ ಸೂಚನೆ ಉಳಿದಿದೆ. ಎಎಂಡಿಯ ರೈಜನ್ 5 7520ಯು ಹೆಸರಿನಲ್ಲಿ 7000ದ ಸಾಲಿಗೆ ಸೇರಿದ್ದರೂ, ಅದರೊಳಗಿನ ತಿರುಳು 2019ರಲ್ಲಿ ಬಂದ ಜೆನ್ 2 ವಿನ್ಯಾಸದ್ದು. ಇಂತಹ ಯಂತ್ರ ಅಗ್ಗವಾಗಿ, ಹಗುರವಾಗಿ ಸಿಕ್ಕಾಗ ಹೊಸದೆಂದು ನಂಬಿ ಮೋಸಹೋಗುವುದು ಸುಲಭ.

ಗ್ರಾಫಿಕ್ಸ್ ಕಾರ್ಡುಗಳ ವಿಷಯದಲ್ಲಿ ಈ ಬಲೆ ಇನ್ನೂ ಸೂಕ್ಷ್ಮವಾದುದು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಕಾರ್ಡನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಯಾವ ಮಿತಿಯಲ್ಲಿ ಬೇಕಾದರೂ ಅಳವಡಿಸುವ ಸ್ವಾತಂತ್ರ್ಯವನ್ನು ಎನ್‌ವಿಡಿಯಾ ತಯಾರಕರಿಗೆ ನೀಡಿದೆ. ಹೆಸರು ಒಂದೇ, ಬಲ ಬೇರೆ ಬೇರೆ. ತೆಳ್ಳನೆಯ ಮೈಯಲ್ಲಿ ಕಡಿಮೆ ವ್ಯಾಟಿಗೆ ಕಟ್ಟಿಹಾಕಿದ ದೊಡ್ಡ ಹೆಸರಿನ ಕಾರ್ಡು, ದಪ್ಪ ಮೈಯಲ್ಲಿ ಪೂರ್ಣ ವ್ಯಾಟಿನಿಂದ ದುಡಿಯುವ ಅದೇ ಕಾರ್ಡಿಗಿಂತ ಬಹಳ ಹಿಂದೆ ಬೀಳುತ್ತದೆ. ಹಗುರವೂ ಬಲಿಷ್ಠವೂ ಆದ ಯಂತ್ರವೆಂದು ಜಾಹೀರಾತಿನಲ್ಲಿ ಓದಿದಾಗ ಆ ವ್ಯಾಟ್ ಸಂಖ್ಯೆಯನ್ನು ತಯಾರಕರ ತಾಣದ ವಿವರಪಟ್ಟಿಯಲ್ಲಿ ಹುಡುಕಬೇಕು. ಅಲ್ಲಿಯೂ ಅದನ್ನು ಹೇಳದಿದ್ದರೆ ಸಂಶಯ ಪಡಲು ಕಾರಣವಿದೆ.

ಇತ್ತೀಚೆಗೆ ಎಲ್ಲ ಯಂತ್ರಗಳ ಮೇಲೂ 'ಎಐ' ಎಂಬ ಚೀಟಿ ಅಂಟಿರುತ್ತದೆ. ಆ ಚೀಟಿಗಾಗಿ ಹೆಚ್ಚಿನ ಹಣ ಕೊಡುವ ಅಗತ್ಯವಿಲ್ಲ. ಒಂದು ಉಪಕಾರವಂತೂ ಆಗಿದೆ. ಮೈಕ್ರೋಸಾಫ್ಟ್ ತನ್ನ ಕೋಪೈಲಟ್ ಪ್ಲಸ್ ದರ್ಜೆಗೆ ಕನಿಷ್ಠ 16 ಜಿಬಿ ರ‍್ಯಾಮ್ ಇರಬೇಕೆಂದು ವಿಧಿಸಿತು, ಆ್ಯಪಲ್ ಕೂಡ 2024ರ ಅಕ್ಟೋಬರಿನಿಂದ ಏರ್ ಮಾದರಿಗಳ ಕನಿಷ್ಠವನ್ನು 16 ಜಿಬಿಗೆ ಏರಿಸಿತು.

ರ‍್ಯಾಮ್ ಕುರಿತು ಇನ್ನಷ್ಟು ಹೇಳಬೇಕು. ಹಗುರ ಯಂತ್ರಗಳಲ್ಲಿ ಬಹುಪಾಲು ಅದನ್ನು ಮೂಲಫಲಕಕ್ಕೇ ಬೆಸೆದಿರುತ್ತಾರೆ. 2024ರಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸಾಲಿನಲ್ಲಂತೂ ಅದು ಪ್ರೊಸೆಸರಿನ ಪೊಟ್ಟಣದಲ್ಲಿಯೇ ಕುಳಿತಿದೆ. ಮುಂದೆ ಹೆಚ್ಚಿಸಿಕೊಳ್ಳೋಣ ಎಂಬ ಮಾತಿಗೆ ಇಲ್ಲಿ ಅವಕಾಶವಿಲ್ಲ; ಕೊಳ್ಳುವ ದಿನವೇ ನಾಲ್ಕೈದು ವರ್ಷಕ್ಕೆ ಸಾಕಾಗುವಷ್ಟನ್ನು ಕೊಳ್ಳಬೇಕು. ಭಾರದ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಗೂಡುಗಳಿದ್ದು, ಇಂದು ಒಂದು ಪಟ್ಟಿ, ನಾಳೆ ಇನ್ನೊಂದು ಎಂದು ತುಂಬಬಹುದು. ಆ ಮಟ್ಟಿಗೆ ಭಾರದ ಯಂತ್ರ ಹೆಚ್ಚು ಕಾಲ ಬಾಳುವ ಸಾಧ್ಯತೆಯಿದೆ ಎಂಬುದನ್ನು ಒಪ್ಪಲೇಬೇಕು. ಆದರೆ 2025ರ ಕೊನೆಯಿಂದ ಸ್ಮೃತಿ ಬಿಲ್ಲೆಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿದುದರಿಂದ ಆಮೇಲೆ ಹಾಕಿಸುವುದು ಅಗ್ಗವೆಂಬ ಹಳೆಯ ನಂಬಿಕೆಯೂ ಸಡಿಲವಾಗಿದೆ. 8 ಜಿಬಿಯ ಹಗುರ ಯಂತ್ರ, ಬೆಸೆದ ರ‍್ಯಾಮ್ ಎಂದಾದರೆ ಬೆಲೆ ಎಷ್ಟೇ ಇಳಿದಿದ್ದರೂ ಬೇಡ.

ಅಂಗಡಿಯಲ್ಲಿ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್ ಇವು ಗಣಕ ವ್ಯಾಪಾರಕ್ಕೆ ಹೆಸರಾದ ಸ್ಥಳಗಳು. ಅಂತರಜಾಲದಲ್ಲಿ ಬೆಲೆ ಕಡಿಮೆ ಇರಬಹುದು. ಆದರೆ ತೂಕವನ್ನು ಅಂತರಜಾಲದಲ್ಲಿ ಅರಿಯಲಾಗದು. ಮಗನೋ ಮಗಳೋ ದಿನವೂ ಒಯ್ಯುವ ಚೀಲವನ್ನೇ, ಪುಸ್ತಕ ಮತ್ತು ನೀರಿನ ಬಾಟಲಿ ಸಮೇತ, ಅಂಗಡಿಗೆ ಒಯ್ಯಿರಿ. ಎರಡೂ ಯಂತ್ರಗಳನ್ನು ಒಂದಾದಮೇಲೊಂದರಂತೆ ಚಾರ್ಜರಿನೊಡನೆ ಅದರಲ್ಲಿಟ್ಟು, ಹೆಗಲಿಗೇರಿಸಿ ಕಾಲು ಗಂಟೆ ನಿಂತು ನೋಡಲಿ. ಅಂಗಡಿಯವರು ನಗಬಹುದು. ನಗಲಿ.

ಸೋವಿಯಾದ ಹಳೆಯ ಕಚೇರಿ ಲ್ಯಾಪ್‌ಟಾಪುಗಳೂ ಈ ಬೀದಿಗಳಲ್ಲಿ ದೊರೆಯುತ್ತವೆ. ಗಟ್ಟಿಮುಟ್ಟಾದ ಯಂತ್ರಗಳೇ ಆದರೂ, ಇಂಟೆಲ್‌ನ ಎಂಟನೆಯ ಪೀಳಿಗೆಗೆ ಮುಂಚಿನವು ಬಹುತೇಕ ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಲಿನಕ್ಸ್ ಬಳಸಬಲ್ಲವರು ಧೈರ್ಯವಾಗಿ ಕೊಳ್ಳಬಹುದು, ಕನ್ನಡವೂ ಅಲ್ಲಿ ಚೆನ್ನಾಗಿಯೇ ಮೂಡುತ್ತದೆ. ಉಳಿದವರು ದೂರವಿರುವುದು ಒಳಿತು.

ರಸೀತಿಯಲ್ಲಿ ಕೇವಲ ಕಂಪನಿಯ ಹೆಸರಲ್ಲ, ಪೂರ್ಣ ಮಾದರಿ ಸಂಖ್ಯೆ ಇರಬೇಕು. ಒಂದೇ ಹೆಸರಿನಡಿ ಬೇರೆ ಬೇರೆ ಪರದೆ, ಬೇರೆ ಬೇರೆ ರ‍್ಯಾಮ್ ಇರುವುದು ಸಾಮಾನ್ಯ. ಲ್ಯಾಪ್‌ಟಾಪುಗಳ ಮೇಲೆ ಶೇ. 18 ಜಿಎಸ್‌ಟಿ ಇದೆ. ಸ್ವಂತ ವ್ಯವಹಾರಕ್ಕೆ ನೋಂದಣಿ ಹೊಂದಿದವರು ವ್ಯವಹಾರದ ಬಳಕೆಗೆ ಕೊಳ್ಳುವುದಾದರೆ ತಮ್ಮ ಸಂಖ್ಯೆಯನ್ನು ರಸೀತಿಯಲ್ಲಿ ನಮೂದಿಸಿಕೊಳ್ಳಬಹುದು. ಖಾತರಿಯ ಅವಧಿಯಲ್ಲಿ ದುರಸ್ತಿಗಾರ ಮನೆಗೆ ಬರುತ್ತಾನೆಯೇ, ನಾವೇ ಹೊತ್ತೊಯ್ಯಬೇಕೇ ಎಂಬುದನ್ನೂ ಆಗಲೇ ಕೇಳಬೇಕು. ಫ್ಯಾನುಳ್ಳ ಯಂತ್ರಗಳಲ್ಲಿ ನಮ್ಮ ನಗರಗಳ ಧೂಳು ಕೂಡುವುದು ಶೀಘ್ರ. ಎರಡು ಫ್ಯಾನುಗಳ ಪ್ರಬಲ ಯಂತ್ರವನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಒರೆಸದಿದ್ದರೆ, ಯಾವ ಬಲಕ್ಕೆಂದು ಅದನ್ನು ಕೊಂಡೆವೋ ಆ ಬಲವೇ ಶಾಖದಿಂದ ಕುಸಿಯುತ್ತದೆ. ಈ ಖರ್ಚನ್ನೂ ಬೆಲೆಗೆ ಸೇರಿಸಿ ಎಣಿಸತಕ್ಕದ್ದು.

ಡೊಂಬಿವಲಿಯ ಆ ಕುಟುಂಬ ಮರುವರ್ಷ ಮಗಳಿಗೆ 1.4 ಕಿಲೋ ತೂಕದ, 16 ಜಿಬಿಯ ಯಂತ್ರವೊಂದನ್ನು ಕಂತಿನಲ್ಲಿ ಕೊಡಿಸಿತು. ಮೊದಲಿನ ಯಂತ್ರಕ್ಕೆ ಮರುಮಾರಾಟದಲ್ಲಿ ಅರ್ಧ ಬೆಲೆಯೂ ಬರಲಿಲ್ಲವಾದ್ದರಿಂದ ಮಾರದೆ ಉಳಿಸಿಕೊಂಡರು. ಈಗ ಅದು ಹಜಾರದ ಮೇಜಿನ ಮೇಲೆ ಸದಾ ಪ್ಲಗ್ಗಿಗೆ ಅಂಟಿಕೊಂಡೇ ಇದೆ. ಆಕೆಯ ತಮ್ಮ ರಜಾದಿನಗಳಲ್ಲಿ ಅದರ ಮೇಲೆ ನಾಟಕದ ವೀಡಿಯೊಗಳನ್ನು ಸಂಕಲಿಸುತ್ತಾನೆ.